ಕೀಲಿಕೈ ಯಾರ ಹತ್ತಿರ ಇದೆ?

ಕಂಪ್ಯೂಟರ್ ಸುರಕ್ಷತೆಯ ಬಗ್ಗೆ ಓದುಗರು ಬರೆದ ಈ ಸಲದ ಪತ್ರಗಳನ್ನು ಹರಡಿಕೊಂಡು ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಬರೆದವರಲ್ಲಿ ಬಹುಪಾಲು ಜನ ಸಣ್ಣ ವ್ಯವಹಾರ ನಡೆಸುವವರು. ಐದು ಜನ, ಹತ್ತು ಜನ, ಹೆಚ್ಚೆಂದರೆ ನಲವತ್ತು ಜನ ಕೆಲಸ ಮಾಡುವ ಜಾಗಗಳು. "ನಮ್ಮಂಥವರಿಗೆ ಯಾರು ಕನ್ನ ಹಾಕ್ತಾರೆ ಮೇಡಂ?" ಎಂಬ ಮಾತು ಮೂರು ಪತ್ರಗಳಲ್ಲಿತ್ತು. ಬೇರೆಯವರ ಆಫೀಸಿನ ಸರ್ವರ್ ಕೋಣೆಗಳಲ್ಲಿ ಇಪ್ಪತ್ತೆರಡು ವರ್ಷ ಕಳೆದವಳು ನಾನು. ಕನ್ನ ಹಾಕುವವನು ಬೋರ್ಡು ಓದಿ ಬರುವುದಿಲ್ಲ. ಅವನ ಪ್ರೋಗ್ರಾಂ ಹಗಲೂ ರಾತ್ರಿ ಇಂಟರ್ನೆಟ್ಟಿನ ಬಾಗಿಲುಗಳನ್ನೆಲ್ಲ ತಳ್ಳಿ ನೋಡುತ್ತಾ ಹೋಗುತ್ತದೆ. ತೆರೆದದ್ದರೊಳಗೆ ನುಗ್ಗುತ್ತದೆ. ಒಳಗೆ ಏನಿದೆ ಅನ್ನೋದನ್ನ ಆಮೇಲೆ ನೋಡುತ್ತಾನೆ.

ಪ್ರಶ್ನೆಗಳಿಗೆ ಹೋಗೋಣ. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿಕೊಂಡಿದ್ದಾರೆ, ಹಾಕಿಲ್ಲ.

ಪ್ರ: ನಮಗೆ ಕಚ್ಚಾ ಸಾಮಗ್ರಿ ಕಳಿಸುವ ಕಂಪನಿಯಿಂದ ಇಮೇಲ್ ಬಂತು. "ಬ್ಯಾಂಕ್ ಖಾತೆ ಬದಲಾಗಿದೆ, ಈ ಬಿಲ್ಲಿನ ಹಣ ಹೊಸ ಖಾತೆಗೆ ಹಾಕಿ" ಎಂದಿತ್ತು. ನಮ್ಮ ಹಳೆಯ ಇಮೇಲ್ ಮಾತುಕತೆಯ ಕೆಳಗೇ ಉತ್ತರವಾಗಿ ಬಂದಿತ್ತು. ಬಿಲ್ ನಂಬರ್, ಮೊತ್ತ ಎಲ್ಲ ಸರಿ ಇತ್ತು. ಹಾಕಿಬಿಟ್ಟೆವು. ಮೂರು ವಾರದ ಮೇಲೆ ಅವರು ಫೋನ್ ಮಾಡಿ, ಹಣ ಬಂದಿಲ್ಲ ಎಂದರು. ಈಗ ತಪ್ಪು ಯಾರದು ಎಂದು ಜಗಳ ನಡೀತಿದೆ.
— ಸಣ್ಣ ಕಾರ್ಖಾನೆಯ ಪಾಲುದಾರರು

ಉ: ಜಗಳ ಆಮೇಲೆ ಆಡಿ. ಮೊದಲು ಬ್ಯಾಂಕಿನ ವಂಚನೆ ವಿಭಾಗಕ್ಕೆ ಫೋನ್ ಮಾಡಿ, ಹಣ ಹೋದ ಖಾತೆಯನ್ನು ತಡೆಹಿಡಿಯಲು ಕೇಳಿ. ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿಯನ್ನು ಬ್ಯಾಂಕಿಗೂ ಕೊಡಿ. ಮೂರು ವಾರ ಬಹಳ ತಡ, ಸುಳ್ಳು ಭರವಸೆ ಕೊಡಲಾರೆ. ಇಂಥ ಹಣ ಮೊದಲ ಖಾತೆಯಲ್ಲಿ ಕೆಲವೇ ಗಂಟೆ ಇರುತ್ತದೆ. ಆದರೂ ದೂರು ಇರಲೇಬೇಕು.

ಈಗ ನಿಮ್ಮ ಪತ್ರದಲ್ಲಿ ನನ್ನ ಕಿವಿ ನೆಟ್ಟಗಾದ ಮಾತು: "ಹಳೆಯ ಮಾತುಕತೆಯ ಕೆಳಗೇ ಬಂದಿತ್ತು." ಅಂದರೆ ನಿಮ್ಮದೋ ಅವರದೋ ಮೇಲ್‌ಬಾಕ್ಸ್ ಒಳಗೆ ಮೂರನೆಯವನೊಬ್ಬ ಕೂತು ಓದುತ್ತಿದ್ದ. ಬಹುಶಃ ಈಗಲೂ ಓದುತ್ತಿದ್ದಾನೆ. ಪಾಸ್‌ವರ್ಡ್ ಬದಲಿಸಿದರೆ ಮುಗಿಯಿತು ಎಂದುಕೊಳ್ಳಬೇಡಿ. ಮೇಲ್ ಸೆಟ್ಟಿಂಗ್‌ನಲ್ಲಿ ಬಂದ ಮೇಲನ್ನು ತಾನಾಗೇ ವಿಂಗಡಿಸುವ ರೂಲ್ಸ್, ಬೇರೆ ವಿಳಾಸಕ್ಕೆ ಕಳಿಸುವ ಫಾರ್ವರ್ಡಿಂಗ್ ಎಂಬ ಎರಡು ಜಾಗಗಳಿವೆ, ಅಲ್ಲಿ ಹೋಗಿ ನೋಡಿ. ಒಂದು ಆಫೀಸಿನಲ್ಲಿ ಎರಡು ದಿನ ತಲೆಕೆರೆದುಕೊಂಡ ಮೇಲೆ ನನಗೆ ಅಲ್ಲೊಂದು ರೂಲ್ ಸಿಕ್ಕಿತು. ಅದರ ಹೆಸರು ಬರೀ ಒಂದು ಚುಕ್ಕೆ. ಪಟ್ಟಿಯಲ್ಲಿ ಧೂಳಿನ ಕಣದ ಹಾಗೆ ಕಾಣುತ್ತಿತ್ತು. ಪೇಮೆಂಟ್, ಇನ್‌ವಾಯ್ಸ್ ಎಂಬ ಪದಗಳಿರುವ ಮೇಲ್ ಬಂದರೆ ಅದನ್ನು ಓದಿದ ಗುರುತು ಹಾಕಿ, ಜಾಲತಾಣಗಳ ಸುದ್ದಿ ಬಂದು ಬೀಳುವ, ಯಾರೂ ತೆರೆಯದ ಆರ್‌ಎಸ್‌ಎಸ್ ಫೋಲ್ಡರಿಗೆ ಸರಿಸುವುದು ಅದರ ಕೆಲಸ. ಅಕೌಂಟೆಂಟ್ ತನಗೆ ಮೇಲೇ ಬಂದಿಲ್ಲ ಎನ್ನುತ್ತಿದ್ದರು. ನಿಜವನ್ನೇ ಹೇಳುತ್ತಿದ್ದರು, ಪಾಪ. ಅಂಥ ರೂಲ್ ಇದ್ದರೆ ಮೊದಲು ಅದರ ಚಿತ್ರ ತೆಗೆದಿಟ್ಟುಕೊಂಡು ಆಮೇಲೆ ಅಳಿಸಿ. ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿಸಿ. ನಂತರ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಲಾಗಿನ್ (ಪಾಸ್‌ವರ್ಡಿನ ಮೇಲೆ ಇನ್ನೊಂದು ಗುರುತು ಕೇಳುವುದು, ಫೋನಿಗೆ ಬರುವ ಕೋಡಿನ ಹಾಗೆ) ಹಾಕಿ. ಅವರಿಗೂ ಇದನ್ನೇ ಮಾಡಲು ಹೇಳಿ.

ಕಳಿಸಿದವರ ವಿಳಾಸವನ್ನೂ ಒಂದೊಂದು ಅಕ್ಷರ ಬಿಡಿಸಿ ಓದಿ. ಇಂಗ್ಲಿಷಿನ 'ಎಂ' ಇರಬೇಕಾದ ಕಡೆ 'ಆರ್' ಮತ್ತು 'ಎನ್' ಅಕ್ಷರಗಳನ್ನು ಒತ್ತಿ ಕೂರಿಸಿದರೆ ನನ್ನ ಕನ್ನಡಕಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ನಾಚಿಕೆ ಪಡಬೇಡಿ. 2013ರಿಂದ 2015ರವರೆಗೆ ಲಿಥುವೇನಿಯದ ಒಬ್ಬ ವ್ಯಕ್ತಿ ಗೂಗಲ್ ಮತ್ತು ಫೇಸ್‌ಬುಕ್‌ಗೆ ಇದೇ ಆಟ ಕಟ್ಟಿದ್ದ. ಅವರಿಗೆ ಯಂತ್ರೋಪಕರಣ ಪೂರೈಸುತ್ತಿದ್ದ ತೈವಾನಿನ ಕ್ವಾಂಟಾ ಕಂಪ್ಯೂಟರ್ ಕಂಪನಿಯ ಹೆಸರಿನಲ್ಲೇ ಲಾಟ್ವಿಯಾದಲ್ಲಿ ಇನ್ನೊಂದು ಕಂಪನಿ ತೆರೆದು ಸುಳ್ಳು ಬಿಲ್ಲು ಕಳಿಸಿದ. ಎರಡೂ ಸೇರಿ 10 ಕೋಟಿ ಡಾಲರಿಗೂ ಜಾಸ್ತಿ ಕಟ್ಟಿದವು. 2019ರಲ್ಲಿ ಅವನಿಗೆ 5 ವರ್ಷ ಜೈಲಾಯಿತು. ಕಂಪ್ಯೂಟರ್ ಬಗ್ಗೆ ಅವರಿಗಿಂತ ಜಾಸ್ತಿ ತಿಳಿದವರು ಯಾರಿದ್ದಾರೆ ಹೇಳಿ!

ಇದಕ್ಕೆ ಮದ್ದು ಯಾವ ಸಾಫ್ಟ್‌ವೇರೂ ಅಲ್ಲ, ಫೋನು. ಖಾತೆ ಬದಲಾಗಿದೆ ಎಂದು ಯಾರೇ ಹೇಳಲಿ, ನಿಮ್ಮ ಹಳೆಯ ಪುಸ್ತಕದಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ. ಆ ಇಮೇಲಿನ ಕೆಳಗೆ ಬರೆದ ನಂಬರಿಗಲ್ಲ, ಅದನ್ನು ಎತ್ತುವವನು ಅವನೇ. ಒಂದು ಮೊತ್ತ ಮೀರಿದರೆ ಇಬ್ಬರು ಒಪ್ಪದೆ ಹಣ ಹೋಗಬಾರದು. ಆ ಇಬ್ಬರಲ್ಲಿ ಒಬ್ಬರು ಯಜಮಾನರೇ ಆದರೂ ಇನ್ನೊಬ್ಬರ ಒಪ್ಪಿಗೆ ಬೇಕೇ ಬೇಕು. ಯಾಕೆಂದರೆ ಯಜಮಾನರ ಮುಖವನ್ನೂ ಈಗ ನಕಲು ಮಾಡುತ್ತಾರೆ. 2024ರಲ್ಲಿ ಬೆಳಕಿಗೆ ಬಂದ ಸಂಗತಿ ಕೇಳಿ. ಅರೂಪ್ ಎಂಬ ದೊಡ್ಡ ಎಂಜಿನಿಯರಿಂಗ್ ಕಂಪನಿಯ ಹಾಂಗ್‌ಕಾಂಗ್ ಉದ್ಯೋಗಿಯೊಬ್ಬರಿಗೆ ಮೊದಲು ಬಂದ ಇಮೇಲ್ ಮೇಲೆ ಅನುಮಾನವೇ ಇತ್ತು. ಆಮೇಲೆ ವಿಡಿಯೊ ಕರೆಯಲ್ಲಿ ಹಣಕಾಸು ಮುಖ್ಯಸ್ಥರೂ ಪರಿಚಿತ ಸಹೋದ್ಯೋಗಿಗಳೂ ಕಂಡರು. ಅನುಮಾನ ಹೋಯಿತು. 15 ಕಂತಿನಲ್ಲಿ 20 ಕೋಟಿ ಹಾಂಗ್‌ಕಾಂಗ್ ಡಾಲರ್ ಕಳಿಸಿಬಿಟ್ಟರು. ಪರದೆಯ ಮೇಲಿದ್ದವರೆಲ್ಲ ಕಂಪ್ಯೂಟರ್ ಸೃಷ್ಟಿಸಿದ ಬೊಂಬೆಗಳು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದ ಹಿರಿಯರು ವಿಡಿಯೊ ಕರೆ ನೋಡಿದವರಲ್ಲ.

ಪ್ರ: ಒಂದು ಹಾರ್ಡ್ ಡಿಸ್ಕ್ ತಂದು ಸರ್ವರಿಗೆ ಸಿಕ್ಕಿಸಿದ್ದೇವೆ. ರಾತ್ರಿ ತಾನಾಗೇ ಬ್ಯಾಕಪ್ ಆಗುತ್ತದೆ. ಬೆಳಿಗ್ಗೆ "ಯಶಸ್ವಿ" ಎಂದು ಮೇಲ್ ಬರುತ್ತದೆ. ಇಷ್ಟು ಸಾಕಲ್ವಾ?
— ಲೆಕ್ಕ ಪರಿಶೋಧಕರ ಕಚೇರಿ

ಉ: ನನಗೂ ಬರುತ್ತಿತ್ತು ಆ ಮೇಲ್. ಹನ್ನೊಂದು ತಿಂಗಳು, ಪ್ರತಿ ಬೆಳಿಗ್ಗೆ, ಹಸಿರು ಗುರುತಿನ ಸಮೇತ.

ನಾನು ನೋಡಿಕೊಳ್ಳುತ್ತಿದ್ದ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಫೋಲ್ಡರನ್ನು ಹೊಸ ಡಿಸ್ಕಿಗೆ ಸರಿಸಿದ್ದೆ. ಸರಿಸಿದವಳು ನಾನೇ. ಬ್ಯಾಕಪ್ ಪ್ರೋಗ್ರಾಮಿಗೆ ಹೊಸ ಜಾಗ ಹೇಳುವುದನ್ನು ಮರೆತೆ. ಅದು ನಿಷ್ಠೆಯಿಂದ ಹಳೆಯ ಫೋಲ್ಡರನ್ನೇ ನಕಲು ಮಾಡುತ್ತಾ ಬಂತು. ಖಾಲಿ ಫೋಲ್ಡರ್. ಖಾಲಿಯನ್ನು ಖಾಲಿಯಾಗಿ ನಕಲು ಮಾಡಿದರೆ ಅದೂ ಯಶಸ್ವಿಯೇ ಅಲ್ವಾ? ಹೊಸ ಡಿಸ್ಕ್ ಕೆಟ್ಟ ದಿನ ಗೊತ್ತಾಯಿತು. ಕಾಗದದ ಬಿಲ್ಲುಗಳನ್ನು ನೋಡಿ ಹನ್ನೊಂದು ತಿಂಗಳ ಲೆಕ್ಕ ಮತ್ತೆ ಟೈಪ್ ಮಾಡಿದೆವು, ನಾನೂ ಇನ್ನಿಬ್ಬರೂ. ಆ ಇಬ್ಬರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗಿಟ್‌ಲ್ಯಾಬ್ ಎಂಬ ಕಂಪನಿ ಇಂಥದ್ದನ್ನು ಮುಚ್ಚಿಡದೆ ಬರೆದುಕೊಂಡಿತು, ಅದಕ್ಕೇ ನನಗೆ ಅವರ ಮೇಲೆ ಗೌರವ. 2017ರ ಜನವರಿ 31ರ ರಾತ್ರಿ ಅವರ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಡೇಟಾ ಅಳಿಸುವ ಆಜ್ಞೆ ಕೊಟ್ಟರು. ಒಂದೆರಡು ಸೆಕೆಂಡಿನಲ್ಲೇ ತಡೆದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್‌ಗೆ ಐದು ವ್ಯವಸ್ಥೆಗಳಿದ್ದವು. ಐದರಲ್ಲಿ ಒಂದೂ ನೆಟ್ಟಗೆ ನಡೆಯುತ್ತಿರಲಿಲ್ಲ. ಅವುಗಳಲ್ಲಿ ಒಂದು ಪ್ರತಿದಿನ ವಿಫಲವಾಗುತ್ತಿತ್ತು, ಆದರೆ "ವಿಫಲ" ಎಂದು ತಿಳಿಸುವ ಮೇಲ್ ಯಾರಿಗೂ ತಲುಪುತ್ತಿರಲಿಲ್ಲ. ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆಂದು ತೆಗೆದಿದ್ದ ಒಂದು ನಕಲು ಅವರನ್ನು ಉಳಿಸಿತು.

ಹಾಗಾಗಿ ಆ "ಯಶಸ್ವಿ" ಮೇಲನ್ನು ನಂಬಬೇಡಿ. ತಿಂಗಳಿಗೊಮ್ಮೆ ಯಾವುದಾದರೂ ಒಂದು ಫೈಲನ್ನು ಬ್ಯಾಕಪ್ಪಿನಿಂದ ವಾಪಸ್ ತೆಗೆದು, ತೆರೆದು, ಓದಿ. ವರ್ಷಕ್ಕೊಂದೆರಡು ಸಲ ಬೇರೆ ಕಂಪ್ಯೂಟರಿನಲ್ಲಿ ಇಡೀ ವ್ಯವಸ್ಥೆಯನ್ನು ಎಬ್ಬಿಸಿ ನೋಡಿ. ಗಡಿಯಾರ ಹಿಡಿದು ಕೂತುಕೊಳ್ಳಿ. ಎರಡು ಗಂಟೆ ಎಂದುಕೊಂಡದ್ದು ಎರಡು ದಿನ ಹಿಡಿಯುತ್ತದೆ. ಅದು ಗೊತ್ತಿದ್ದರೆ ಗ್ರಾಹಕರಿಗೆ ಏನು ಹೇಳಬೇಕೆಂದಾದರೂ ಗೊತ್ತಿರುತ್ತದೆ.

ಇನ್ನು ನಿಮ್ಮ ಡಿಸ್ಕು. ಅದು ಸದಾ ಸಿಕ್ಕಿಸಿಕೊಂಡೇ ಇರುತ್ತದಲ್ಲ, ಅಲ್ಲೇ ತೊಂದರೆ. ರ್‍ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ, ತೆಗೆಯಲು ದುಡ್ಡು ಕೇಳುವ ಪ್ರೋಗ್ರಾಂ) ಒಳಗೆ ಬಂದರೆ ತನಗೆ ಕಾಣುವುದಕ್ಕೆಲ್ಲ ಬೀಗ ಜಡಿಯುತ್ತದೆ. ಬ್ಯಾಕಪ್ ಡಿಸ್ಕನ್ನೇ ಮೊದಲು ಹುಡುಕುವ ಕಳ್ಳರಿದ್ದಾರೆ. ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕ ಜನಪ್ರಿಯಗೊಳಿಸಿದ 3-2-1 ಎಂಬ ಲೆಕ್ಕವೊಂದಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ನಾನು ಇನ್ನೊಂದು ಸೇರಿಸುತ್ತೇನೆ. ಒಂದು ಪ್ರತಿಯಾದರೂ ಯಾವ ತಂತಿಗೂ ಸಿಕ್ಕಿಸದೆ ಕಪಾಟಿನಲ್ಲಿರಲಿ. ಎರಡು ಡಿಸ್ಕ್ ಇಟ್ಟುಕೊಂಡು ವಾರಕ್ಕೊಂದರಂತೆ ಅದಲು ಬದಲು ಮಾಡಿ, ಸಾಕು.

ತಂತಿ ಕಿತ್ತಿದ್ದ ಪ್ರತಿಯ ಬೆಲೆ ಗೊತ್ತಾಗಬೇಕಾದರೆ ಹಡಗು ಸಾಗಣೆಯ ಮೇರ್ಸ್ಕ್ ಕಂಪನಿಯ ಕಥೆ ಕೇಳಿ. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ವೈರಸ್ ಅವರ ಜಾಲವನ್ನೆಲ್ಲ ಅಳಿಸಿ ಹಾಕಿತು. ಯಾರು ಯಾವ ಕಂಪ್ಯೂಟರ್ ಬಳಸಬಹುದು ಎಂಬ ದಾಖಲೆ ಇಟ್ಟುಕೊಳ್ಳುವ ಸರ್ವರ್‌ಗಳು ಒಂದಕ್ಕೊಂದು ಬ್ಯಾಕಪ್ ಆಗಿದ್ದವು. ಎಲ್ಲ ಒಟ್ಟಿಗೇ ಸತ್ತವು. ಒಂದು ಮಾತ್ರ ಉಳಿದಿತ್ತು, ಘಾನಾ ದೇಶದ ಕಚೇರಿಯಲ್ಲಿ. ಕಾರಣ? ಆ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತು! ಆ ಡಿಸ್ಕನ್ನು ಮನುಷ್ಯರು ಕೈಯಲ್ಲಿ ಹಿಡಿದು ವಿಮಾನ ಹತ್ತಿ ಬ್ರಿಟನ್ನಿಗೆ ತಲುಪಿಸಿದರು. ಹತ್ತು ದಿನದಲ್ಲಿ 4,000 ಸರ್ವರ್, 45,000 ಕಂಪ್ಯೂಟರ್ ಹೊಸದಾಗಿ ಕಟ್ಟಿದರು. ಕರೆಂಟು ಹೋಗಿದ್ದಕ್ಕೆ ಖುಷಿಪಟ್ಟ ಕಂಪನಿ ಬಹುಶಃ ಅದೊಂದೇ ಇರಬೇಕು.

"ನಮ್ಮದು ಕ್ಲೌಡ್‌ನಲ್ಲಿದೆ" ಎನ್ನುವವರಿಗೆ ಒಂದು ಮಾತು. ಕೋಡ್ ಸ್ಪೇಸಸ್ ಎಂಬ ಕಂಪನಿಯದೂ ಕ್ಲೌಡ್‌ನಲ್ಲೇ ಇತ್ತು, ಬ್ಯಾಕಪ್ಪೂ ಅದೇ ಖಾತೆಯಲ್ಲೇ. 2014ರಲ್ಲಿ ಒಬ್ಬ ಆ ಖಾತೆಯ ಒಳಗೆ ಹೊಕ್ಕು ಅರ್ಧ ದಿನದಲ್ಲಿ ಬಹುಪಾಲು ಎಲ್ಲವನ್ನೂ ಅಳಿಸಿದ. ಕಂಪನಿ ಬಾಗಿಲು ಹಾಕಿತು. ಬ್ಯಾಕಪ್ಪಿಗೆ ಬೇರೆ ಖಾತೆ, ಬೇರೆ ಪಾಸ್‌ವರ್ಡ್ ಇರಲಿ.

ಪ್ರ: ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕು, ಅದರಲ್ಲಿ ದೊಡ್ಡಕ್ಷರ, ಅಂಕಿ, ಚಿಹ್ನೆ ಇರಲೇಬೇಕು ಎಂದು ನಿಯಮ ಮಾಡಿದ್ದೇನೆ. ಸಿಬ್ಬಂದಿ ಗೊಣಗುತ್ತಾರೆ. ಹೇಗೆ ತಿದ್ದಲಿ?
— ಸಾರಿಗೆ ಸಂಸ್ಥೆಯ ವ್ಯವಸ್ಥಾಪಕರು

ಉ: ನಿಯಮವನ್ನೇ ತಿದ್ದಿ ಸರ್. ಗೊಣಗುವವರು ಹೇಳುತ್ತಿರುವುದು ಸರಿಯಾಗಿದೆ.

ಈ ನಿಯಮ ಹರಡಿದ್ದು ಅಮೆರಿಕದ ಎನ್‌ಐಎಸ್‌ಟಿ ಎಂಬ ಮಾನಕ ಸಂಸ್ಥೆಯ 2003ರ ಕೈಪಿಡಿಯಿಂದ. ಅದನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ ಪತ್ರಿಕೆಯೊಂದರ ಜೊತೆ ಮಾತಾಡುತ್ತಾ ಅದರ ಬಗ್ಗೆ ವಿಷಾದ ಪಟ್ಟರು. ಅದೇ ವರ್ಷ ಸಂಸ್ಥೆಯೂ ಸಲಹೆ ಬದಲಿಸಿತು. ಸೋರಿಕೆಯ ಸುಳಿವಿದ್ದಾಗ ಬದಲಿಸಿ, ಸುಮ್ನೆ ತಿಂಗಳು ಕಳೆಯಿತೆಂದು ಬೇಡ. ಯಾಕೆ ಗೊತ್ತಾ? ತಿಂಗಳಿಗೊಮ್ಮೆ ಬದಲಿಸಿ ಎಂದರೆ ಮನುಷ್ಯರು ಕೊನೆಯ ಅಂಕಿಯನ್ನು 1ರಿಂದ 2 ಮಾಡುತ್ತಾರೆ. ನಿಮ್ಮ ಸಿಬ್ಬಂದಿಯೂ ಅದನ್ನೇ ಮಾಡುತ್ತಿದ್ದಾರೆ, ನಾಳೆ ಮೆಲ್ಲಗೆ ಕೇಳಿ ನೋಡಿ.

ಚಿಹ್ನೆಗಿಂತ ಉದ್ದ ಮುಖ್ಯ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಸಾಲಾಗಿ ಬರೆದರೆ ನೆನಪಿಗೂ ಸುಲಭ, ಒಡೆಯಲೂ ಕಷ್ಟ. ಅದಕ್ಕಿಂತ ಮುಖ್ಯವಾದದ್ದು, ಒಂದು ಕಡೆ ಬಳಸಿದ್ದನ್ನು ಇನ್ನೊಂದು ಕಡೆ ಬಳಸಬಾರದು. ಯಾವುದೋ ಜಾಲತಾಣದಿಂದ ಸೋರಿದ ಪಾಸ್‌ವರ್ಡನ್ನು ಕಳ್ಳರು ಎಲ್ಲ ಕಡೆಯೂ ಹಾಕಿ ನೋಡುತ್ತಾರೆ. ನೂರು ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ, ಅದಕ್ಕೆ ಪಾಸ್‌ವರ್ಡ್ ಮ್ಯಾನೇಜರ್ ಎಂಬ, ಎಲ್ಲವನ್ನೂ ಬೀಗ ಹಾಕಿ ನೆನಪಿಟ್ಟುಕೊಳ್ಳುವ ಪ್ರೋಗ್ರಾಂ ಇದೆ. ಸಿಬ್ಬಂದಿಗೆಲ್ಲ ಕೊಡಿಸಿ.

ಅದರ ಮೇಲೆ ಎರಡು ಹಂತದ ಲಾಗಿನ್. ಎಲ್ಲ ಕಡೆ ಒಂದೇ ದಿನ ಹಾಕಲು ಹೋಗಿ ಸುಸ್ತಾಗಬೇಡಿ. ಮೊದಲು ಇಮೇಲ್. ಉಳಿದೆಲ್ಲ ಖಾತೆಗಳ "ಪಾಸ್‌ವರ್ಡ್ ಮರೆತಿರಾ" ಕೊಂಡಿ ಬರುವುದು ಅಲ್ಲಿಗೇ ತಾನೇ. ಆಮೇಲೆ ಬ್ಯಾಂಕು, ಆಮೇಲೆ ಹೊರಗಿನಿಂದ ಆಫೀಸಿಗೆ ಬರುವ ದಾರಿ. ಎಸ್‌ಎಂಎಸ್ ಒಟಿಪಿ ಏನೂ ಇಲ್ಲದ್ದಕ್ಕಿಂತ ವಾಸಿ, ಆ್ಯಪ್ ಅದಕ್ಕಿಂತ ವಾಸಿ. ಪುಟ್ಟ ಯುಎಸ್‌ಬಿ ಸಾಧನದಂಥ ಸೆಕ್ಯುರಿಟಿ ಕೀ ಎಲ್ಲಕ್ಕಿಂತ ಗಟ್ಟಿ, ಯಾಕೆಂದರೆ ನಕಲಿ ಜಾಲತಾಣ ಕಂಡರೆ ಅದು ಬಾಯಿಯೇ ಬಿಡುವುದಿಲ್ಲ. ಗೂಗಲ್ 2017ರಲ್ಲಿ ತನ್ನ 85,000ಕ್ಕೂ ಹೆಚ್ಚು ಉದ್ಯೋಗಿಗಳಿಗೆ ಇದನ್ನು ಕಡ್ಡಾಯ ಮಾಡಿತು. ಆಮೇಲೆ ಕೆಲಸದ ಖಾತೆ ಒಂದೂ ಕಳ್ಳರ ಪಾಲಾಗಿಲ್ಲ ಎಂದು ಮರುವರ್ಷ ಹೇಳಿತು. ಹಣ ಮುಟ್ಟುವ ಮೂರು ನಾಲ್ಕು ಜನರಿಗಾದರೂ ಕೊಡಿಸಬಹುದು.

ಸಿಬ್ಬಂದಿಗೆ ಇಷ್ಟು ಮಾತ್ರ ಹೇಳಿಡಿ: ತಾವು ಲಾಗಿನ್ ಆಗುತ್ತಿಲ್ಲದಾಗ ಫೋನಿನಲ್ಲಿ "ಒಪ್ಪಿಗೆಯೇ?" ಎಂದು ಬಂದರೆ, ಹತ್ತು ಸಲ ಬಂದರೂ, ಬೇಡ ಎಂದೇ ಒತ್ತಬೇಕು. ರಾತ್ರಿಯೆಲ್ಲ ಕಾಟ ಕೊಟ್ಟು, ನಿದ್ದೆಗಣ್ಣಲ್ಲಿ ಒಪ್ಪಿಸುವ ಕಳ್ಳರಿದ್ದಾರೆ.

ಪ್ರ: ಆಂಟಿವೈರಸ್ ಹಾಕಿದ್ದೇವೆ. ಅಪ್‌ಡೇಟ್ ಕೇಳಿದಾಗಲೆಲ್ಲ "ನಂತರ ನೆನಪಿಸು" ಒತ್ತುತ್ತೇವೆ, ಕೆಲಸದ ಮಧ್ಯೆ ರೀಸ್ಟಾರ್ಟ್ ಆದರೆ ತೊಂದರೆ. ಪರವಾಗಿಲ್ವಾ?
— ಮುದ್ರಣಾಲಯ

ಉ: ಪರವಾ ಇದೆ. ವಾನ್ನಾಕ್ರೈ ಎಂಬ ಪಿಡುಗು ಬಳಸಿದ ತೂತಿಗೆ ಮೈಕ್ರೋಸಾಫ್ಟ್ ತೇಪೆ ಕೊಟ್ಟದ್ದು 2017ರ ಮಾರ್ಚ್ 14ಕ್ಕೆ. ಪಿಡುಗು ಹರಡಿದ್ದು ಮೇ 12ಕ್ಕೆ. ನಡುವೆ 59 ದಿನ. ಆ 59 ದಿನ "ನಂತರ ನೆನಪಿಸು" ಒತ್ತಿದವರು ಸುಮಾರು 150 ದೇಶಗಳಲ್ಲಿದ್ದರು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು.

ಮಧ್ಯಾಹ್ನ ಬೇಡ, ಕೆಲಸ ಮುಗಿಸಿ ಎದ್ದು ಹೋಗುವಾಗ ಒತ್ತಿ ಹೋಗಿ. ವಿಂಡೋಸ್ 10 ಇನ್ನೂ ಓಡುತ್ತಿದ್ದರೆ ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಬದಲಿಸುವ ಯೋಚನೆ ಮಾಡಿ. ಮೂಲೆಯಲ್ಲಿ ಧೂಳು ಹಿಡಿದ ರೂಟರಿಗೂ ಅಪ್‌ಡೇಟ್ ಇದೆ. ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಅದರ ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಿ. ದಿನದ ಕೆಲಸಕ್ಕೆ ಯಾರೂ ಅಡ್ಮಿನ್ ಖಾತೆ (ಕಂಪ್ಯೂಟರಿನಲ್ಲಿ ಏನನ್ನು ಬೇಕಾದರೂ ಬದಲಿಸಬಲ್ಲ ಖಾತೆ) ಬಳಸಬಾರದು, ಯಜಮಾನರೂ ಸೇರಿ.

ಯಾರೋ ಒಬ್ಬ ಓದುಗರು ಈಗ ಪೆನ್ನು ಎತ್ತಿಕೊಳ್ಳುತ್ತಿರುತ್ತಾರೆ, ಗೊತ್ತು: "ನಾಟ್‌ಪೆಟ್ಯಾ ಬಂದದ್ದೇ ಒಂದು ಲೆಕ್ಕಪತ್ರ ಸಾಫ್ಟ್‌ವೇರಿನ ಅಪ್‌ಡೇಟ್ ಮೂಲಕ ಅಲ್ವಾ?" ಹೌದು, ಉಕ್ರೇನಿನ ಎಂ.ಇ.ಡಾಕ್ ಮೂಲಕ. ಆದರೆ ಅದು ಅಪರೂಪ, ತೇಪೆ ಹಾಕದೆ ಕೆಟ್ಟವರು ದಿನವೂ ಸಿಗುತ್ತಾರೆ.

ಪ್ರ: ಆರು ತಿಂಗಳ ಹಿಂದೆ ಕೆಲಸ ಬಿಟ್ಟ ಹುಡುಗನ ಲಾಗಿನ್ ಇನ್ನೂ ನಡೆಯುತ್ತಿದೆ ಎಂದು ಮೊನ್ನೆ ಗೊತ್ತಾಯಿತು. ತುಂಬಾ ಒಳ್ಳೆಯ ಹುಡುಗ. ತೆಗೆದರೆ ನೊಂದುಕೊಳ್ಳುತ್ತಾನೇನೋ.
— ತರಬೇತಿ ಕೇಂದ್ರ ನಡೆಸುವವರು

ಉ: ಹುಡುಗ ಒಳ್ಳೆಯವನೇ ಇರಲಿ. ಅವನ ಪಾಸ್‌ವರ್ಡ್ ಯಾರ ಕೈಗೆ ಸಿಕ್ಕಿದೆ ಎಂದು ಅವನಿಗೂ ಗೊತ್ತಿರುವುದಿಲ್ಲ.

2021ರ ಮೇ ತಿಂಗಳಲ್ಲಿ ಅಮೆರಿಕದ ಕೊಲೋನಿಯಲ್ ಪೈಪ್‌ಲೈನ್ ಕಂಪನಿಯ ತೈಲ ಕೊಳವೆ ದಿನಗಟ್ಟಲೆ ನಿಂತುಹೋಯಿತು. ಕಳ್ಳರು ಬಂದದ್ದು ಯಾರೂ ಬಳಸದೆ ಬಿಟ್ಟಿದ್ದ ಒಂದು ವಿಪಿಎನ್ ಖಾತೆಯಿಂದ, ಅಂದರೆ ಹೊರಗಿನಿಂದ ಆಫೀಸಿನ ಜಾಲಕ್ಕೆ ಬರುವ ದಾರಿಯಿಂದ. ಪಾಸ್‌ವರ್ಡ್ ಎಲ್ಲೋ ಸೋರಿತ್ತು. ಎರಡನೇ ಹಂತ ಇರಲಿಲ್ಲ. ಖಾತೆ ಮುಚ್ಚುವುದು ಐದು ನಿಮಿಷದ ಕೆಲಸವಾಗಿತ್ತು.

ಹೊರಗಿನವರ ಖಾತೆಗಳನ್ನೂ ನೋಡಿ. 2013ರಲ್ಲಿ ಟಾರ್ಗೆಟ್ ಎಂಬ ದೊಡ್ಡ ಅಂಗಡಿ ಸರಣಿಯಿಂದ 4 ಕೋಟಿ ಕಾರ್ಡುಗಳ ವಿವರ ಕದ್ದವರು ಮೊದಲು ಬಳಸಿದ್ದು ತಂಪು ಯಂತ್ರಗಳ ಗುತ್ತಿಗೆದಾರನ ಲಾಗಿನ್. ಯಂತ್ರ ರಿಪೇರಿಗೆ ಬರುವವನಿಗೆ ಗಲ್ಲಾಪೆಟ್ಟಿಗೆಯವರೆಗೆ ದಾರಿ ಯಾಕಿರಬೇಕು?

ನಾನು ಕಂಡ ಇನ್ನೊಂದು ಬಗೆಯೂ ಇದೆ, ಇದನ್ನು ಯಾರೂ ಯೋಚಿಸುವುದಿಲ್ಲ. ಒಂದು ಸಂಸ್ಥೆಯ ಜಾಲತಾಣದ ವಿಳಾಸ, ಅದರ ಮೂಲಕ ನಡೆಯುವ ಇಮೇಲ್, ಎಲ್ಲವೂ ಎಂದೋ ಬಿಟ್ಟುಹೋದ ಡಿಸೈನರ್ ಒಬ್ಬರ ಸ್ವಂತ ಜಿಮೇಲ್ ಹೆಸರಿನಲ್ಲಿ ನೋಂದಣಿಯಾಗಿತ್ತು. ನವೀಕರಿಸುವ ದಿನ ಬಂತು. ಅವರು ಆ ಜಿಮೇಲನ್ನೇ ಬಿಟ್ಟಿದ್ದರು. ಒಂಬತ್ತು ದಿನ ಆ ಸಂಸ್ಥೆಗೆ ಒಂದು ಇಮೇಲೂ ಬರಲಿಲ್ಲ. ನಿಮ್ಮ ಡೊಮೇನ್, ಅಂದರೆ ಜಾಲತಾಣದ ವಿಳಾಸ, ಯಾರ ಹೆಸರಿನಲ್ಲಿದೆ? ಇವತ್ತು ಸಂಜೆಯೊಳಗೆ ನೋಡಿ.

ಯಾರಿಗೆ ಯಾವುದರ ಕೀಲಿಕೈ ಇದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಯಾರಾದರೂ ಕೆಲಸ ಬಿಟ್ಟ ದಿನವೇ ಆ ಹಾಳೆ ಹಿಡಿದು ಒಂದೊಂದಾಗಿ ಮುಚ್ಚಿ. ಹುಡುಗನಿಗೆ ಹೀಗೆ ಹೇಳಿ: "ನಾಳೆ ಏನಾದರೂ ಆದರೆ ನಿನ್ನ ಮೇಲೆ ಅನುಮಾನ ಬರಬಾರದು, ಅದಕ್ಕೇ ತೆಗೆದೆ." ಸಮಾಧಾನವಾಗುತ್ತದೆ.

ಪ್ರ: ಮೇಡಂ, ಲಿಂಕ್ ಒತ್ತಿದ್ದು ನಾನೇ. ನಾಲ್ಕು ದಿನವಾಯಿತು. ಪಾಸ್‌ವರ್ಡ್ ಕೂಡ ಹಾಕಿಬಿಟ್ಟೆ. ಆಮೇಲೆ ಪುಟ ಖಾಲಿ ಬಂತು. ಏನೂ ಆಗಿಲ್ಲ ಅನಿಸುತ್ತದೆ. ಹೇಳಿದರೆ ಕೆಲಸ ಹೋಗುತ್ತದೆ. ಹೋದ ವರ್ಷ ಇನ್ನೊಬ್ಬರಿಗೆ ಹಾಗೇ ಆಯಿತು.
— ಸ್ವಾಗತ ವಿಭಾಗದಲ್ಲಿ ಕೆಲಸ ಮಾಡುವವರು

ಉ: ನಿಮ್ಮ ಪತ್ರ ಅಚ್ಚಾಗುವವರೆಗೆ ಕಾಯಲು ಆಗುತ್ತಿರಲಿಲ್ಲ, ಹಾಗಾಗಿ ಆಗಲೇ ಉತ್ತರ ಬರೆದು ಕಳಿಸಿದ್ದೆ. ಇಲ್ಲಿ ಅಚ್ಚು ಹಾಕುತ್ತಿರುವುದು ನಿಮ್ಮಂಥ ಉಳಿದವರಿಗಾಗಿ.

ನಾನೂ ಒತ್ತಿದ್ದೇನೆ. ಆ ವಾರ ಒಂದು ಪಾರ್ಸೆಲ್‌ಗೆ ನಿಜವಾಗಿಯೂ ಕಾಯುತ್ತಿದ್ದೆ. "ನಿಮ್ಮ ಪಾರ್ಸೆಲ್ ತಡೆಹಿಡಿಯಲಾಗಿದೆ" ಎಂದು ಮೇಲ್ ಬಂತು, ಒತ್ತಿದೆ. ಬೇರೆಯವರಿಗೆ ಪಾಠ ಹೇಳುವ ಕೆಲಸದಲ್ಲಿದ್ದೆ ಆಗ. ಬುದ್ಧಿಗೂ ಇದಕ್ಕೂ ಸಂಬಂಧ ಕಡಿಮೆ. ಅವಸರ, ದಣಿವು, ಕಾಯುತ್ತಿರುವ ವಿಷಯ, ಇವು ಮೂರು ಒಟ್ಟಿಗೆ ಬಿದ್ದರೆ ಯಾರ ಬೆರಳೂ ಒತ್ತುತ್ತದೆ.

ಹೀಗಾದರೆ ಮಾಡಬೇಕಾದ್ದು: ಬೇರೊಂದು ಸಾಧನದಿಂದ ಆ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದ ಲಾಗೌಟ್ ಮಾಡಿ. ಏನಾದರೂ ಡೌನ್‌ಲೋಡ್ ಆಗಿದ್ದರೆ ನೆಟ್‌ವರ್ಕ್ ತಂತಿ ಕಿತ್ತು ವೈಫೈ ಆರಿಸಿ. ಕಂಪ್ಯೂಟರನ್ನು ಮಾತ್ರ ಆರಿಸಬೇಡಿ, ಪರೀಕ್ಷೆ ಮಾಡುವವರಿಗೆ ಸಿಗಬೇಕಾದ ಸುಳಿವು ಅದರ ಮೆಮೊರಿಯಲ್ಲಿರುತ್ತದೆ. ನಂತರ ಹೇಳಿ. ಅದೇ ಗಂಟೆಯಲ್ಲಿ ಹೇಳಿ. ಪುಟ ಖಾಲಿ ಬಂದದ್ದು ಏನೂ ಆಗಿಲ್ಲ ಎಂಬುದರ ಗುರುತಲ್ಲ. ಒಳಗೆ ಬಂದವನು ವಾರಗಟ್ಟಲೆ ಸದ್ದಿಲ್ಲದೆ ಕೂತು ಮೇಲ್ ಓದಬಹುದು. ಈ ಅಂಕಣದ ಮೊದಲ ಪತ್ರ ನೋಡಿದಿರಲ್ಲ, ಅಂಥದ್ದು ಶುರುವಾಗುವುದು ಹೀಗೇ.

ಇನ್ನು ಯಜಮಾನರೇ, ಇದು ನಿಮಗೆ. ಹೋದ ವರ್ಷ ಒಬ್ಬರನ್ನು ಮನೆಗೆ ಕಳಿಸಿದಿರಿ. ಉಳಿದ ಹನ್ನೆರಡು ಜನ ಅವತ್ತು ಏನು ಕಲಿತರು? ಲಿಂಕ್ ಒತ್ತಬಾರದು ಎಂದಲ್ಲ. ಒತ್ತಿದರೆ ಬಾಯಿ ಬಿಡಬಾರದು ಎಂದು ಕಲಿತರು. ಈ ಹೆಣ್ಣುಮಗಳು ನಾಲ್ಕು ದಿನ ನಿದ್ದೆ ಇಲ್ಲದೆ ನನಗೆ ಪತ್ರ ಬರೆದಳು, ನಿಮಗೆ ಹೇಳಲಿಲ್ಲ. ಕಳ್ಳನಿಗೆ ನಾಲ್ಕು ದಿನ ಉಚಿತವಾಗಿ ಕೊಟ್ಟವರು ನೀವು. ನಾನು ಕೆಲಸ ಮಾಡಿದ ಒಂದು ಕಡೆ, ತಾನೇ ಬಂದು "ಒತ್ತಿಬಿಟ್ಟೆ" ಎಂದವರಿಗೆ ಯಜಮಾನರು ಎಲ್ಲರ ಎದುರು ಥ್ಯಾಂಕ್ಸ್ ಹೇಳುತ್ತಿದ್ದರು. ಮೊದಲ ಸಲ ಎಲ್ಲರಿಗೂ ನಗು ಬಂತು. ಎರಡು ತಿಂಗಳಲ್ಲಿ ಅನುಮಾನದ ಮೇಲ್‌ಗಳು ಒತ್ತುವ ಮುಂಚೆಯೇ ನನ್ನ ಹತ್ತಿರ ಬರತೊಡಗಿದವು.

ಪ್ರ: ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳಿದರೆ ಕೊಟ್ಟುಬಿಡುವುದು ವಾಸಿಯೇ?
— ದಂತ ವೈದ್ಯರು

ಉ: ಕೊಡಬೇಡಿ ಎಂದು ಹೇಳುವುದು ಸುಲಭ, ರೋಗಿಗಳ ದಾಖಲೆಯೇ ಹೋದಾಗ ನಿಮ್ಮ ಕುರ್ಚಿಯಲ್ಲಿ ನಾನು ಕೂತಿರುವುದಿಲ್ಲ. ಆದರೆ ಕೊಟ್ಟವರಿಗೆ ಏನಾಯಿತು ನೋಡಿ. ಮೇಲೆ ಹೇಳಿದ ಕೊಲೋನಿಯಲ್ 75 ಬಿಟ್‌ಕಾಯಿನ್ ಕೊಟ್ಟಿತು, ಆಗಿನ ಲೆಕ್ಕದಲ್ಲಿ ಸುಮಾರು 44 ಲಕ್ಷ ಡಾಲರ್. ಬದಲಿಗೆ ಸಿಕ್ಕ ಬೀಗ ತೆಗೆಯುವ ಪ್ರೋಗ್ರಾಂ ಎಷ್ಟು ನಿಧಾನ ಎಂದರೆ, ಕೊನೆಗೆ ತಮ್ಮ ಬ್ಯಾಕಪ್ಪನ್ನೇ ನೆಚ್ಚಿಕೊಂಡರು. 2024ರಲ್ಲಿ ಚೇಂಜ್ ಹೆಲ್ತ್‌ಕೇರ್ ಕಂಪನಿಯ ಕಡೆಯಿಂದ 2.2 ಕೋಟಿ ಡಾಲರ್ ಹೋಯಿತು. ಕಳ್ಳರು ತಮ್ಮತಮ್ಮಲ್ಲೇ ಜಗಳ ಆಡಿಕೊಂಡರು, ಇನ್ನೊಂದು ಗುಂಪು "ಡೇಟಾ ನಮ್ಮ ಹತ್ತಿರ ಇದೆ" ಎಂದು ಮತ್ತೆ ಕೈ ಚಾಚಿತು.

ಮೊದಲು ಪೊಲೀಸರಿಗೆ ಹೇಳಿ. ನಂತರ ನೋ ಮೋರ್ ರ್‍ಯಾನ್ಸಮ್ ಎಂಬ ತಾಣ ನೋಡಿ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ಡಚ್ ಪೊಲೀಸರು ಮತ್ತು ಭದ್ರತಾ ಕಂಪನಿಗಳು 2016ರಲ್ಲಿ ಶುರು ಮಾಡಿದ್ದು. ಹಲವು ಬಗೆಯ ಬೀಗಗಳ ಕೀಲಿ ಅಲ್ಲಿ ಉಚಿತವಾಗಿ ಸಿಗುತ್ತದೆ. ಬೀಗ ಬಿದ್ದ ಫೈಲುಗಳನ್ನು ಅಳಿಸಬೇಡಿ, ಇವತ್ತು ಇಲ್ಲದ ಕೀಲಿ ಮುಂದೊಂದು ದಿನ ಸಿಗಬಹುದು. ಬ್ಯಾಂಕು, ಪೊಲೀಸ್, ಕಂಪ್ಯೂಟರ್ ನೋಡಿಕೊಳ್ಳುವವರು, ವಿಮೆಯವರು, ಇವರೆಲ್ಲರ ನಂಬರನ್ನು ಈಗಲೇ ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿ. ಆ ದಿನ ಕಂಪ್ಯೂಟರಿನೊಳಗಿನ ಪಟ್ಟಿ ತೆರೆಯುವುದಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಅನ್ನುತ್ತಾರಲ್ಲ. ನಮ್ಮಲ್ಲಿ ಕೆಲವರು ಕೊಳ್ಳೆ ಹೋದ ಮೇಲೂ ಬಾಗಿಲು ಎಲ್ಲಿದೆ ಎಂದು ಹುಡುಕುತ್ತಿರುತ್ತಾರೆ.

ಪ್ರ: ಪಾಸ್‌ವರ್ಡ್ ಕಾಗದದ ಮೇಲೆ ಬರೆದಿಡುವುದು ಮಹಾಪಾಪ ಎನ್ನುತ್ತಾನೆ ಮಗ. ನನಗೆ ಎಪ್ಪತ್ತು ವರ್ಷ, ನೆನಪಿರುವುದಿಲ್ಲ.
— ಸಗಟು ವ್ಯಾಪಾರಿ

ಉ: ಬರೆದಿಡಿ ಹಿರಿಯರೇ, ಧಾರಾಳವಾಗಿ. ಸಾವಿರಾರು ಮೈಲಿ ದೂರದ ಕಳ್ಳನಿಗೆ ನಿಮ್ಮ ಕಪಾಟು ಎಟುಕುವುದಿಲ್ಲ. ಪಾಸ್‌ವರ್ಡ್ ಮ್ಯಾನೇಜರಿನ ಮುಖ್ಯ ಪಾಸ್‌ವರ್ಡ್, ಎರಡು ಹಂತದ ಲಾಗಿನ್ನಿನ ತುರ್ತು ಕೋಡುಗಳನ್ನು ನಾನೂ ಲಕೋಟೆಯಲ್ಲಿ ಹಾಕಿ, ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಿ ಇಟ್ಟಿದ್ದೇನೆ. ನಾನಿಲ್ಲದಿದ್ದರೂ ಕೆಲಸ ನಡೆಯಬೇಕಲ್ಲ. ಕಪಾಟಿಗೆ ಬೀಗ ಇರಲಿ. ಬೀಗದ ಕೀಲಿಕೈಯನ್ನು ಮಾತ್ರ ಕೀಬೋರ್ಡಿನ ಕೆಳಗೆ ಇಡಬೇಡಿ. ನಗಬೇಡಿ, ಮೂರು ಆಫೀಸಿನಲ್ಲಿ ಕಂಡಿದ್ದೇನೆ.